ಒಂದು ಎಕರೆಯ ಜಮಾಖರ್ಚು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಿರಿಯ ಮಿತ್ರರೊಬ್ಬರನ್ನು ಕಾಣಲು ಅವರ ತೋಟದ ಮನೆಗೆ ಹೋಗಿದ್ದೆನು. ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ, ವೈಟ್‌ಫೀಲ್ಡನ್ನು ದಾಟಿ ಸ್ವಲ್ಪ ದೂರ ಸಾಗಿದರೆ, ಹೊಸ ಬಡಾವಣೆಗಳ ನಡುವೆ ಆ ಮನೆ ಸಿಕ್ಕುತ್ತದೆ. ಸರಿಯಾಗಿ ಒಂದು ಎಕರೆ ನೆಲ. ನಡುವೆ ಹೆಂಚು ಹೊದಿಸಿದ ಹಳೆಯ ಮನೆ. ಸುತ್ತಲೂ ಮಾವು, ಹಲಸು, ಹೊಂಗೆ, ಹುಣಸೆ. ಬಾವಿಯ ಬಳಿ ಒಂದು ಸಂಪಿಗೆ. ನಲವತ್ತು ವರ್ಷಗಳ ಹಿಂದೆ ಅವರು ಈ ನೆಲವನ್ನು ಕೊಂಡಾಗ, ಊರು ಬಿಟ್ಟು ಕಾಡಿಗೆ ಹೋಗುತ್ತಿದ್ದಾರೆಂದು ಬಂಧುಗಳು ನಕ್ಕಿದ್ದರಂತೆ. ಈಗ ನಗುವವರು ಯಾರೂ ಇಲ್ಲ. ವಾರಕ್ಕೊಬ್ಬ ದಲ್ಲಾಳಿಯಾದರೂ ಗೇಟಿನ ಬಳಿ ಬಂದು ನಿಲ್ಲುತ್ತಾನೆ.

ಕಾಫಿ ಮುಗಿದ ಮೇಲೆ ಅವರು ತಾವಾಗಿಯೇ ವಿಷಯವನ್ನೆತ್ತಿದರು. "ಮೇಷ್ಟ್ರೇ, ಇದನ್ನು ಸೈಟು ಮಾಡಿ ಮಾರೋಣವೆಂದು ಮಗ ಹೇಳುತ್ತಿದ್ದಾನೆ. ನನಗೆ ಮನಸ್ಸಿಲ್ಲ. ಆದರೆ ಮನಸ್ಸಿಲ್ಲ ಎಂಬುದು ಒಂದು ವಾದವಾಗುವುದಿಲ್ಲ. ನೀವು ಭೌತವಿಜ್ಞಾನ ಓದಿದವರು. ಈ ಒಂದು ಎಕರೆ ಹೀಗೆಯೇ ಇರುವುದರಿಂದ ನಮಗಲ್ಲದೆ ಬೇರೆ ಯಾರಿಗಾದರೂ ಪ್ರಯೋಜನವಿದೆಯೇ? ಇದ್ದರೆ ಅಂಕಿಗಳಲ್ಲಿ ಹೇಳಿ. ಇಲ್ಲವಾದರೆ ಕಾಗದಕ್ಕೆ ಸಹಿ ಹಾಕಿಬಿಡುತ್ತೇನೆ" ಎಂದರು.

ತರಗತಿಯಲ್ಲಿ ಪ್ರಶ್ನೆ ಕೇಳುವುದು ನನ್ನ ಕೆಲಸ. ಇಲ್ಲಿ ಪರೀಕ್ಷೆ ನನ್ನದಾಯಿತು. ಒಂದು ಹಾಳೆಯನ್ನು ತರಿಸಿಕೊಂಡು, ನಡುವೆ ಗೆರೆಯೆಳೆದು, ಒಂದು ಕಡೆ ಜಮೆ, ಇನ್ನೊಂದು ಕಡೆ ಖರ್ಚು ಎಂದು ಬರೆದೆನು. ಆ ಹಾಳೆಯಲ್ಲಿದ್ದುದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಆ ಹಿರಿಯರೊಬ್ಬರದೇ ಅಲ್ಲ. ಬೆಳೆಯುತ್ತಿರುವ ಪ್ರತಿಯೊಂದು ನಗರದ ಅಂಚಿನಲ್ಲಿಯೂ ಇಂತಹ ಮನೆಗಳಿವೆ. ವಿದ್ಯಾರ್ಥಿಮಿತ್ರರಲ್ಲಿ ಕೆಲವರ ಮನೆಯಲ್ಲಿಯೇ ಈ ಮಾತುಕತೆ ನಡೆಯುತ್ತಿರಬಹುದು. ಸಾಮಾನ್ಯವಾಗಿ ಇದರ ತೀರ್ಮಾನವಾಗುವುದು ಎರಡೇ ಆಧಾರಗಳ ಮೇಲೆ: ಒಂದು, ಚದರ ಅಡಿಯ ದರ, ಮತ್ತೊಂದು, ಹಿರಿಯರ ಮಮತೆ. ಮೂರನೆಯ ಆಧಾರವೊಂದಿದೆ, ಅದು ಪ್ರೌಢಶಾಲೆಯ ಭೌತವಿಜ್ಞಾನವೇ, ಎಂಬುದು ನನ್ನ ಅಭಿಪ್ರಾಯ.

ವೈಟ್‌ಫೀಲ್ಡ್ ಹುಟ್ಟಿದುದೇ ಇಂತಹ ಮನೆಗಳ ಊರಾಗಿ. 1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲವನ್ನು ಕೊಟ್ಟರು. ಸಂಘದ ಸ್ಥಾಪಕರಾದ ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಬೇಸಾಯ ಮಾಡಿ ಬಾಳುವುದು ಅವರ ಉದ್ದೇಶವಾಗಿದ್ದುದರಿಂದ, ಮನೆಯೆಂದರೆ ವಿಸ್ತಾರವಾದ ಅಂಗಳ, ಹಣ್ಣಿನ ಮರಗಳು, ಒಂದು ಬಾವಿ. ನೂರು ವರ್ಷಕ್ಕೂ ಮಿಗಿಲಾಗಿ ಅದು ಹೆಚ್ಚುಕಡಮೆ ಹಾಗೆಯೇ ಇದ್ದಿತು. 1990ರ ದಶಕದಲ್ಲಿ ತಂತ್ರಜ್ಞಾನದ ದೊಡ್ಡ ಕಚೇರಿಗಳು ಅಲ್ಲಿಗೆ ಬಂದ ಮೇಲೆ ಅಂಗಳಗಳು ಸೈಟುಗಳಾದುವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ನೆರೆಯಲ್ಲಿ ಮುಳುಗಿದುವು. 2024ರ ಬೇಸಗೆಯಲ್ಲಿ ಅದೇ ಭಾಗದ ಜನರು ಟ್ಯಾಂಕರ್ ಲಾರಿಗಳಿಗಾಗಿ ಕಾದು ನಿಂತರು. ಎರಡು ವರ್ಷಗಳೊಳಗೆ ಒಂದೇ ಕಡೆ ನೀರು ಹೆಚ್ಚಾಗಿಯೂ ಕಡಮೆಯಾಗಿಯೂ ಸಂಕಟವಾದುದು ವಿಚಿತ್ರವಲ್ಲವೆ? ವಿಚಿತ್ರವೇನೂ ಅಲ್ಲವೆಂಬುದು ಲೆಕ್ಕ ಮುಗಿಯುವುದರೊಳಗೆ ತಿಳಿಯುತ್ತದೆ.

ಮಳೆಯ ಬಾಬು

ಒಂದು ಎಕರೆಯೆಂದರೆ 40 ಗುಂಟೆ, ಅಥವಾ 43,560 ಚದರ ಅಡಿ. ಮೆಟ್ರಿಕ್ ಮಾನದಲ್ಲಿ ಸುಮಾರು 4,000 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 95 ಸೆಂಟಿಮೀಟರ್ ಮಳೆ ಬೀಳುತ್ತದೆಂದು ಹಿಡಿಯೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಆದುದರಿಂದ ನಮ್ಮ ಎಕರೆಯ ಮೇಲೆ ವರ್ಷಕ್ಕೆ ಬೀಳುವ ನೀರು 4,000 × 950, ಅಂದರೆ 38 ಲಕ್ಷ ಲೀಟರ್.

ಇನ್ನು ಮನೆಯ ಅಗತ್ಯ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ಯೋಜಕರು ಬಳಸುವ ಪ್ರಮಾಣ. ಐದು ಜನರ ಕುಟುಂಬಕ್ಕೆ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಲೀಟರ್ ಆಯಿತು. ಎಂದರೆ ಆಕಾಶವು ಈ ಕುಟುಂಬಕ್ಕೆ ಅದರ ಅಗತ್ಯದ ಹದಿನೈದರಷ್ಟು ನೀರನ್ನು ತಂದೊಪ್ಪಿಸುತ್ತಿದೆ.

ಆದರೆ ಬಿದ್ದ ಮಳೆಯೆಲ್ಲ ಬಾವಿಗೆ ಸೇರುವುದಿಲ್ಲ. ಬಹುಭಾಗ ಮಣ್ಣಿನಿಂದಲೂ ಎಲೆಗಳಿಂದಲೂ ಆವಿಯಾಗಿ ಹೋಗುತ್ತದೆ. ಸ್ವಲ್ಪ ಭಾಗ ಹರಿದುಹೋಗುತ್ತದೆ. ಬೆಂಗಳೂರಿನ ಕೆಳಗಿರುವುದು ಗಟ್ಟಿಯಾದ ಶಿಲೆ. ಇಂತಹ ನೆಲದಲ್ಲಿ ಆಳಕ್ಕಿಳಿದು ಅಂತರ್ಜಲವನ್ನು ಸೇರುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ. ಆ ಒಂದು ಪಾಲನ್ನೇ ತೆಗೆದುಕೊಂಡರೂ 3.8 ಲಕ್ಷ ಲೀಟರ್ ಆಗುತ್ತದೆ. ಕುಟುಂಬ ಬಳಸುವುದು ಎರಡೂವರೆ ಲಕ್ಷ. ಆದ್ದರಿಂದ ಮರಗಳಿಂದ ಕೂಡಿದ ಈ ಎಕರೆಯು ತನ್ನ ಮನೆಯವರಿಗೆ ಕೊಟ್ಟು, ಮಿಕ್ಕ ಒಂದು ಲಕ್ಷ ಲೀಟರಿಗಿಂತ ಹೆಚ್ಚಿನದನ್ನು ನೆಲದಡಿಯಲ್ಲಿ ನೆರೆಹೊರೆಯವರಿಗೆ ದಾಟಿಸುತ್ತದೆ. ನೆಲದ ಮೇಲೆ ಬೇಲಿಯಿದೆ; ನೆಲದ ಕೆಳಗೆ ಬೇಲಿಯಿಲ್ಲ.

ಈಗ ಇದೇ ಎಕರೆಯನ್ನು ಸೈಟು ಮಾಡೋಣ. ಮೂವತ್ತು-ನಲವತ್ತರ ಒಂದು ಸೈಟು 1,200 ಚದರ ಅಡಿ, ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ರಸ್ತೆಗೂ ಇತರ ಸೌಕರ್ಯಗಳಿಗೂ ಬಿಟ್ಟು ಸುಮಾರು 20 ಸೈಟುಗಳಾಗುತ್ತವೆ. ಒಂದೊಂದರಲ್ಲಿಯೂ ಒಂದೇ ಕುಟುಂಬವಿದೆಯೆಂದು ಇಟ್ಟುಕೊಂಡರೂ ವರ್ಷಕ್ಕೆ ಬೇಕಾದ ನೀರು 49 ಲಕ್ಷ ಲೀಟರ್. ಆ ನೆಲದ ಮೇಲೆ ಬೀಳುವ ಮಳೆಯ ಒಂದು ಹನಿಯನ್ನೂ ಬಿಡದೆ ಹಿಡಿದರೂ 38 ಲಕ್ಷವೇ. ಕೊಡುತ್ತಿದ್ದ ನೆಲ ಬೇಡುವ ನೆಲವಾಯಿತು.

ಅಷ್ಟೇ ಅಲ್ಲ. ಅಂಗಳಕ್ಕೆಲ್ಲ ಕಾಂಕ್ರೀಟನ್ನೋ ಕಲ್ಲುಹಾಸನ್ನೋ ಹಾಕಿದ ಮೇಲೆ ಮಳೆಯ ಹತ್ತರಲ್ಲಿ ಎಂಟೊಂಬತ್ತು ಪಾಲು ಹೊರಗೆ ಹರಿಯುತ್ತದೆ. ಒಂದು ಗಂಟೆಯಲ್ಲಿ ಐದು ಸೆಂಟಿಮೀಟರ್ ಮಳೆ ಸುರಿಯಿತೆನ್ನಿ. ಬೆಂಗಳೂರಿನಲ್ಲಿ ಇದು ಅಪರೂಪವೇನೂ ಅಲ್ಲ. ಒಂದು ಎಕರೆಯ ಮೇಲೆ ಬಿದ್ದುದು ಎರಡು ಲಕ್ಷ ಲೀಟರ್. ಅದರ ಬಹುಪಾಲು ಆ ಗಂಟೆಯಲ್ಲಿಯೇ ಮೋರಿಗೆ ಇಳಿದು, ತಗ್ಗಿನಲ್ಲಿರುವ ಮನೆಗಳನ್ನು ಹೊಗುತ್ತದೆ. ಆರು ತಿಂಗಳ ನಂತರ ಅದೇ ನೀರು ಬಾವಿಯಲ್ಲಿ ಇರುವುದಿಲ್ಲ. ನೆರೆಯೂ ಬರವೂ ಲೆಕ್ಕದ ಪುಸ್ತಕದಲ್ಲಿ ಒಂದೇ ಬಾಬಿಗೆ ಸೇರಿದುವು.

ನೀರನ್ನು ಎತ್ತುವ ಕೂಲಿ

ಸಾಲದ ನೀರನ್ನು ಹೊರಗಿನಿಂದ ತರಬಹುದಲ್ಲವೆ ಎಂದು ಕೇಳಬಹುದು. ತರುತ್ತಲೇ ಇದ್ದೇವೆ. ಕಾವೇರಿಯ ನೀರು ಬೆಂಗಳೂರಿಗೆ ಮೊದಲು ಬಂದುದು 1974ರಲ್ಲಿ. ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ನದಿ ಇರುವುದು ಸುಮಾರು ನೂರು ಕಿಲೋಮೀಟರ್ ದೂರದಲ್ಲಿ. ಅದಕ್ಕಿಂತ ಮುಖ್ಯವಾಗಿ, ಸುಮಾರು 500 ಮೀಟರ್ ಕೆಳಗೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಬ್ಬದ ಮೇಲೆ ಕುಳಿತಿದೆ.

ಕೆಲಸವೆಂದರೆ ತೂಕವನ್ನು ಎತ್ತರದಿಂದ ಗುಣಿಸಿದುದು ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಸಾವಿರ ಲೀಟರ್ ನೀರನ್ನು, ಅರ್ಥಾತ್ ಸಾವಿರ ಕಿಲೋಗ್ರಾಮನ್ನು, 500 ಮೀಟರ್ ಎತ್ತಲು 1000 × 9.8 × 500, ಎಂದರೆ 49 ಲಕ್ಷ ಜೂಲ್ ಬೇಕು. ವಿದ್ಯುತ್ತಿನ ಒಂದು ಯೂನಿಟ್ 36 ಲಕ್ಷ ಜೂಲುಗಳಾದುದರಿಂದ ಇದು ಸುಮಾರು 1.4 ಯೂನಿಟ್. ಪಂಪು, ಕೊಳವೆ ಇವುಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. ನಲ್ಲಿಯನ್ನು ತಿರುಗಿಸಿದಾಗ ಬರುವ ನೀರಿನ ಹಿಂದೆ ಈ ಶ್ರಮವಿದೆ.

ಮಳೆಯ ನೀರನ್ನು ಎತ್ತಿದವರು ಯಾರು? ಸೂರ್ಯನು ಸಮುದ್ರದ ನೀರನ್ನು ಆವಿ ಮಾಡಿ, ಮೋಡವಾಗಿಸಿ, ಗಾಳಿಯ ಮೇಲೆ ಹೇರಿ, ಆ ದಿಬ್ಬದ ಮೇಲೆಯೇ ಇಳಿಸುತ್ತಾನೆ. ನಮ್ಮ ಎಕರೆಯ 38 ಲಕ್ಷ ಲೀಟರನ್ನು ನದಿಯ ಮಟ್ಟದಿಂದ ಪಂಪಿನ ಮೂಲಕ ಎತ್ತಬೇಕಾಗಿದ್ದರೆ ನಷ್ಟವೊಂದೂ ಇಲ್ಲವೆಂದು ಭಾವಿಸಿದರೂ 5,000 ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ತು ಬೇಕಾಗುತ್ತಿತ್ತು. ಹೀಗೆ ಉಚಿತವಾಗಿ ಎತ್ತರಕ್ಕೆ ಬಂದ ನೀರನ್ನು ಮೋರಿಯ ಮೂಲಕ ಇಳಿಜಾರಿಗೆ ಬಿಟ್ಟು, ಬಳಿಕ ಹಣ ತೆತ್ತು ಇನ್ನೊಂದು ಕಡೆಯಿಂದ ನೀರನ್ನು ಮೇಲಕ್ಕೆತ್ತುವ ವ್ಯವಹಾರವನ್ನು ಅಂಗಡಿಯವನೊಬ್ಬ ಮಾಡಿದರೆ ನಾವು ಅವನನ್ನು ಏನೆಂದು ಕರೆಯುತ್ತೇವೆ?

ಬಿಸಿಲಿನ ಬಾಬು

ಎರಡನೆಯ ಜಮೆ ಬಿಸಿಲಿನದು. ಆ ದಿನ ಮಧ್ಯಾಹ್ನ ಬಸ್ಸಿನಿಂದಿಳಿದು ಡಾಂಬರು ರಸ್ತೆಯಲ್ಲಿ ನಡೆದುಬಂದ ನಾನು, ಆ ಗೇಟಿನೊಳಗೆ ಕಾಲಿಟ್ಟೊಡನೆ ಬೇರೊಂದು ಊರಿಗೆ ಬಂದಂತೆನಿಸಿತು. ನೆರಳು ತಂಪಾಗಿರುವುದು ಎಲ್ಲರಿಗೂ ಗೊತ್ತು. ಆದರೆ ಸಿಮೆಂಟಿನ ಮಾಡಿನ ಕೆಳಗಿನ ನೆರಳಿಗೂ ಮರದ ನೆರಳಿಗೂ ಇರುವ ವ್ಯತ್ಯಾಸವೇನು?

ಬೆಂಗಳೂರಿನಲ್ಲಿ ಒಂದು ಚದರ ಮೀಟರ್ ನೆಲಕ್ಕೆ ದಿನವೊಂದಕ್ಕೆ ಬೀಳುವ ಸೌರಶಕ್ತಿ ಸರಾಸರಿ ಐದರಿಂದ ಐದೂವರೆ ಯೂನಿಟ್. ಒಂದು ಎಕರೆಗೆ ಸುಮಾರು 20,000 ಯೂನಿಟ್ ಆಯಿತು. ಇಷ್ಟು ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಕಾಂಕ್ರೀಟಿನ ಮೇಲೆ ಬಿದ್ದರೆ ಸ್ವಲ್ಪ ಭಾಗ ಪ್ರತಿಫಲಿತವಾಗಿ, ಉಳಿದುದು ಕಾಂಕ್ರೀಟನ್ನೂ ಅದಕ್ಕೆ ತಾಗಿದ ಗಾಳಿಯನ್ನೂ ಕಾಯಿಸುತ್ತದೆ. ಹಗಲಿನಲ್ಲಿ ಹೀರಿದ ಶಾಖವನ್ನು ಗೋಡೆಗಳು ರಾತ್ರಿಯಿಡೀ ಬಿಡುತ್ತಿರುತ್ತವೆ. ಮನೆಗಳು ಒತ್ತಾಗಿರುವಲ್ಲಿ ಒಂದು ಗೋಡೆಯ ವಿಕಿರಣವು ಆಕಾಶಕ್ಕೆ ಹೋಗದೆ ಎದುರುಗೋಡೆಗೆ ತಾಗುತ್ತದೆ. ಪೇಟೆಯ ರಾತ್ರಿಗಳು ಹಳ್ಳಿಯ ರಾತ್ರಿಗಳಿಗಿಂತ ಬೆಚ್ಚಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಮರವು ಬೇರೆಯ ಮಾರ್ಗವನ್ನು ಹಿಡಿಯುತ್ತದೆ. ಬೇರಿನಿಂದ ನೀರನ್ನೆಳೆದು ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಬಿಡುತ್ತದೆ. ಒಂದು ಲೀಟರ್ ನೀರು ಸಾಧಾರಣ ಉಷ್ಣತೆಯಲ್ಲಿ ಆವಿಯಾಗುವಾಗ ಸುಮಾರು 24.5 ಲಕ್ಷ ಜೂಲ್ ಶಾಖವನ್ನು ಹೀರುತ್ತದೆ. ಅದೇ ಒಂದು ಲೀಟರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖದ ಏಳರಷ್ಟು ಇದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಈ ಗುಪ್ತೋಷ್ಣದಿಂದಲೇ. ಮರವೊಂದು ಎತ್ತರದಲ್ಲಿ ತೂಗುಹಾಕಿದ ಹೂಜಿ ಎನ್ನಬಹುದು.

ಮಳೆಗಾಲ ಮುಗಿದು ಮಣ್ಣು ಇನ್ನೂ ಹಸಿಯಾಗಿರುವ ಒಂದು ದಿನ, ಮರಗಳೂ ಮಣ್ಣೂ ಸೇರಿ ಎರಡು ಮಿಲಿಮೀಟರ್ ನೀರನ್ನು ಆವಿ ಮಾಡುತ್ತವೆಂದು ಮಿತವಾಗಿಯೇ ಹಿಡಿಯೋಣ. ಎಕರೆಗೆ 8,000 ಲೀಟರ್ ಆಯಿತು. ಅದು ಹೀರುವ ಶಾಖ ಸುಮಾರು 5,400 ಯೂನಿಟ್. ಬಿದ್ದ ಬಿಸಿಲಿನ ಕಾಲುಭಾಗಕ್ಕೂ ಮಿಗಿಲು. ಹವಾನಿಯಂತ್ರಕ ಯಂತ್ರಗಳನ್ನು ಟನ್ನಿನ ಲೆಕ್ಕದಲ್ಲಿ ಅಳೆಯುವುದನ್ನು ವಾಚಕರು ಕೇಳಿರಬಹುದು. ಒಂದು ಟನ್ನು ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಶಾಖವನ್ನು ಹೀರುವ ದರಕ್ಕೆ ಆ ಹೆಸರು. ಅದು ಸುಮಾರು ಮೂರೂವರೆ ಕಿಲೋವಾಟ್. ಒಂದೂವರೆ ಟನ್ನಿನ ಯಂತ್ರವೊಂದು ಹತ್ತು ಗಂಟೆ ನಡೆದರೆ ಕೋಣೆಯಿಂದ ತೆಗೆಯುವ ಶಾಖ 53 ಯೂನಿಟ್. ಹಾಗಾದರೆ ನಮ್ಮ ಎಕರೆ ಆ ದಿನ ಮಾಡುವ ಕೆಲಸ ಅಂತಹ ನೂರು ಯಂತ್ರಗಳ ಕೆಲಸಕ್ಕೆ ಸಮ.

ಇಲ್ಲೊಂದು ಮುಖ್ಯವಾದ ಭೇದವಿದೆ. ಯಂತ್ರವು ಕೋಣೆಯ ಶಾಖವನ್ನು ತೆಗೆದು ಬೀದಿಗೆ ಹಾಕುತ್ತದೆ. ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಅದರೊಂದಿಗೆ ಸೇರಿಸಿ ಹಾಕುತ್ತದೆ. ಒಳಗಿನವನಿಗೆ ತಂಪು, ಹಾದಿಯಲ್ಲಿ ಹೋಗುವವನಿಗೆ ಸೆಕೆ. ಮರವಾದರೋ ಶಾಖವನ್ನು ನೀರಿನ ಆವಿಯಲ್ಲಿ ಅಡಗಿಸಿ ಮೇಲಕ್ಕೆ ಕಳುಹಿಸುತ್ತದೆ. ಆ ಶಾಖ ನಾಶವಾಗುವುದಿಲ್ಲ. ಆವಿಯು ಎತ್ತರದಲ್ಲಿ ಮತ್ತೆ ಹನಿಗಟ್ಟುವಾಗ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ಅದು ನಮ್ಮ ತಲೆಯಿಂದ ಬಹು ದೂರ ಹೋಗಿರುತ್ತದೆ.

ಎರಡು ಬಾಬುಗಳೂ ಒಂದಕ್ಕೊಂದು ಅಂಟಿಕೊಂಡಿರುವುದನ್ನು ಗಮನಿಸಬೇಕು. ಮಣ್ಣಿನಲ್ಲಿ ನೀರಿಲ್ಲದಿದ್ದರೆ ಮರವು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ನೆರಳು ಮಾತ್ರ ಉಳಿದು ತಂಪು ಕಡಮೆಯಾಗುತ್ತದೆ. ರಸ್ತೆಬದಿಯಲ್ಲಿ ಬುಡದವರೆಗೂ ಸಿಮೆಂಟು ಮೆತ್ತಿಸಿಕೊಂಡ ಮರಗಳು ಇದೇ ಸ್ಥಿತಿಯಲ್ಲಿ ನಿಂತಿವೆ. ಮಳೆಯನ್ನು ಉಳಿಸಿಕೊಂಡ ನೆಲಕ್ಕೆ ಮಾತ್ರ ಬಿಸಿಲನ್ನು ತಣಿಸುವ ಶಕ್ತಿಯಿರುತ್ತದೆ.

ಜಮೆಗೆ ಸೇರದ ಮಾತುಗಳು

ನಾನು ಇಷ್ಟು ಬರೆಯುವುದರೊಳಗೆ ಹಿರಿಯರು ಉತ್ಸಾಹಗೊಂಡು, "ಆಮ್ಲಜನಕವನ್ನು ಮರೆತಿರಲ್ಲ, ಮೇಷ್ಟ್ರೇ!" ಎಂದರು. ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದೆನು. ವಾಯುಮಂಡಲದಲ್ಲಿ ನೂರರಲ್ಲಿ 21 ಭಾಗ ಆಮ್ಲಜನಕವಿದೆ. ಅದು ಎಷ್ಟು ಅಗಾಧವಾದ ಭಂಡಾರವೆಂದರೆ, ಒಂದು ತೋಟವು ಇದ್ದರೂ ಇಲ್ಲದಿದ್ದರೂ ಬೀದಿಯ ಗಾಳಿಯಲ್ಲಿ ಅದರ ಅಂಶ ಅಳೆಯುವಷ್ಟು ಬದಲಾಗುವುದಿಲ್ಲ. ಮರವು ಬಿಟ್ಟ ಆಮ್ಲಜನಕದ ಬಹುಪಾಲನ್ನು ಅದರ ಎಲೆಗಳೇ ಕೊಳೆಯುವಾಗ ಹಿಂದಕ್ಕೆ ಪಡೆಯುತ್ತವೆ. ಒಳ್ಳೆಯ ಪಕ್ಷಕ್ಕೆ ಸುಳ್ಳು ಸಾಕ್ಷಿಯನ್ನು ತರಬಾರದು. ಅದು ಬಿದ್ದುಹೋದಾಗ ನಿಜವಾದ ಸಾಕ್ಷಿಗಳನ್ನೂ ಜನ ನಂಬುವುದಿಲ್ಲ.

ಅಂತೆಯೇ ಬೇಲಿಯ ಮರಗಳ ಸಾಲೊಂದು ರಸ್ತೆಯ ಗದ್ದಲವನ್ನು ತಡೆಯುತ್ತದೆಂಬ ನಂಬಿಕೆಯೂ ಬಹುಮಟ್ಟಿಗೆ ಮನಸ್ಸಿನ ಸಮಾಧಾನ. ಶಬ್ದದ ಅಲೆಗಳು ಎಲೆಗಳ ನಡುವಿನಿಂದ ಸುಲಭವಾಗಿ ನುಸುಳುತ್ತವೆ. ಗದ್ದಲದ ಮೂಲ ಕಣ್ಣಿಗೆ ಕಾಣದಿರುವುದರಿಂದ ಅದು ಕಡಮೆಯಾದಂತೆ ತೋರುತ್ತದೆ, ಅಷ್ಟೆ.

ಹಸುರೆಲ್ಲವೂ ಒಂದೇ ಅಲ್ಲವೆಂಬುದು ಇನ್ನೂ ಮುಖ್ಯವಾದ ಎಚ್ಚರಿಕೆ. ಪಕ್ಕದಲ್ಲಿಯೇ ಹೊಸದಾಗಿ ಕಟ್ಟಿದ ಭವ್ಯವಾದ ಬಂಗಲೆಯೊಂದಿದೆ. ಅದಕ್ಕೂ ವಿಸ್ತಾರವಾದ ನೆಲವಿದೆ. ಆದರೆ ಮರಗಳನ್ನು ಕಡಿದು ಅರ್ಧ ಎಕರೆಯಷ್ಟು ಹುಲ್ಲುಹಾಸನ್ನು ಬೆಳೆಸಿದ್ದಾರೆ. ಚಿತ್ರದಲ್ಲಿ ನೋಡಿದರೆ ನಮ್ಮ ಹಿರಿಯರ ತೋಟಕ್ಕಿಂತ ಅದೇ ಹೆಚ್ಚು ಹಸುರು. ಬೇಸಗೆಯಲ್ಲಿ ಹುಲ್ಲು ಬಾಡದಿರಬೇಕಾದರೆ ದಿನಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ನೀರು ಬೇಕು. ಅರ್ಧ ಎಕರೆಗೆ 8,000 ಲೀಟರ್. ಆ ನೀರು ಕೊಳವೆಬಾವಿಯಿಂದ ಬರುತ್ತದೆ. ಹನ್ನೆರಡು ಕುಟುಂಬಗಳ ಒಂದು ದಿನದ ನೀರು ಅಲ್ಲಿ ಹುಲ್ಲಿಗೆ ಸುರಿಯುತ್ತಿದೆ. ವಿಸ್ತಾರವಾದ ನೆಲವಿದ್ದ ಮಾತ್ರಕ್ಕೆ ಅದು ಊರಿಗೆ ಉಪಕಾರವಾಗುವುದಿಲ್ಲ. ನೆಲದ ಒಡೆಯನು ಬಡ್ಡಿಯಲ್ಲಿ ಬಾಳುತ್ತಿದ್ದಾನೆಯೇ, ಅಸಲನ್ನೇ ಕರಗಿಸುತ್ತಿದ್ದಾನೆಯೇ ಎಂಬುದೇ ಪ್ರಶ್ನೆ.

ಮಗನ ಆಕ್ಷೇಪ

ಹಾಳೆಯ ಜಮೆಯ ಕಡೆ ತುಂಬಿ, ಹಿರಿಯರ ಮುಖದಲ್ಲಿ ಗೆಲುವು ಮೂಡುತ್ತಿದ್ದಂತೆ ಅವರ ಮಗ ಕೆಲಸದಿಂದ ಬಂದನು. ಎಂಜಿನಿಯರಿಂಗ್ ಓದಿದ ತರುಣ. ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, "ಸಾರ್, ಗುಣಾಕಾರ ಸರಿಯಾಗಿದೆ. ಆದರೆ ಖರ್ಚಿನ ಕಡೆ ಏನೂ ಬರೆದಿಲ್ಲವಲ್ಲ" ಎಂದನು.

ಅವನು ಎತ್ತಿದ ಆಕ್ಷೇಪಗಳು ಎರಡು. ಮೊದಲನೆಯದು ದೂರದ್ದು. ಅವನ ಕಚೇರಿ ಇರುವುದು ನಗರದ ಇನ್ನೊಂದು ಭಾಗದಲ್ಲಿ. ಹೋಗಿಬರುವುದು ಐವತ್ತು ಕಿಲೋಮೀಟರ್. ಲೀಟರಿಗೆ ಹದಿನೈದು ಕಿಲೋಮೀಟರ್ ಓಡುವ ಕಾರಿನಲ್ಲಿ ದಿನಕ್ಕೆ ಮೂರು ಲೀಟರಿಗೂ ಹೆಚ್ಚು ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು ಒಂಬತ್ತೂವರೆ ಯೂನಿಟ್. ವರ್ಷಕ್ಕೆ 250 ದಿನಗಳ ಓಡಾಟಕ್ಕೆ ಸುಮಾರು 8,000 ಯೂನಿಟ್ ಶಕ್ತಿಯನ್ನು ಅವನು ಸುಡುತ್ತಾನೆ. ಸೂರ್ಯನು ಮಳೆಯನ್ನೆತ್ತಿ ತಂದುಕೊಟ್ಟ 5,000 ಯೂನಿಟ್ಟಿನ ಉಡುಗೊರೆಗಿಂತ ಇದು ದೊಡ್ಡದು. ಇಂಧನದ ಶಾಖವೂ ಪಂಪಿನ ಕೆಲಸವೂ ಸರಿಸಮಾನವಾದ ಶಕ್ತಿರೂಪಗಳಲ್ಲವೆಂಬುದು ನಿಜ. ಆದರೂ ಈ ಖರ್ಚನ್ನು ಅಲಕ್ಷಿಸುವಂತಿಲ್ಲ. 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ರೈಲು ಬಂದಿದೆ. ಅದರಲ್ಲಿ ಹೋಗುವವನ ಖರ್ಚು ಬಹಳ ಇಳಿಯುತ್ತದೆ. ತೋಟದ ಮನೆಯಲ್ಲಿದ್ದು ಒಬ್ಬೊಬ್ಬರೂ ಒಂದೊಂದು ಕಾರಿನಲ್ಲಿ ಓಡಾಡುವವರು ಮರಗಳ ಪುಣ್ಯವನ್ನು ಹಾದಿಯಲ್ಲಿ ಚೆಲ್ಲುತ್ತಿದ್ದಾರೆ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. "ಆ ಇಪ್ಪತ್ತು ಕುಟುಂಬಗಳು ಎಲ್ಲಿಯಾದರೂ ಇರಲೇಬೇಕಲ್ಲ ಸಾರ್? ಇಲ್ಲಿ ಬೇಡವೆಂದರೆ ಅವರಿಗೇನು ನೀರು ಬೇಡವೇ? ನಮಗೊಂದು ಎಕರೆ ನ್ಯಾಯವಾದರೆ ಅವರಿಗೂ ಒಂದೊಂದು ಎಕರೆ ನ್ಯಾಯವೇ ಅಲ್ಲವೇ?" ಎಂದು ಕೇಳಿದನು.

ಈ ಪ್ರಶ್ನೆಗೂ ಲೆಕ್ಕವೇ ಉತ್ತರ ಕೊಡಬೇಕು. 2011ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನರಿದ್ದರು. ಐದು ಜನರಿಗೊಂದು ಕುಟುಂಬವೆಂದರೆ 17 ಲಕ್ಷ ಕುಟುಂಬಗಳು. ತಲಾ ಒಂದು ಎಕರೆಯಂತೆ ಬೇಕಾಗುವ ನೆಲ 6,800 ಚದರ ಕಿಲೋಮೀಟರಿಗೂ ಹೆಚ್ಚು. ಆಗಿನ ನಗರದ ವಿಸ್ತೀರ್ಣ ಸುಮಾರು 700 ಚದರ ಕಿಲೋಮೀಟರ್. ಹತ್ತು ಬೆಂಗಳೂರುಗಳ ನೆಲ ಬೇಕಾಗುತ್ತಿತ್ತು. ಹೊಲಗಳನ್ನೂ ಕೆರೆಗಳನ್ನೂ ನುಂಗದೆ ಅದು ಸಾಧ್ಯವಿಲ್ಲ. ಆದುದರಿಂದ ಎಲ್ಲರಿಗೂ ತೋಟದ ಮನೆ ಎಂಬುದು ಸುಂದರವಾದರೂ ಅಸಂಭವವಾದ ಮಾತು. ತೋಟದ ಮನೆ ಎಲ್ಲರ ಹಕ್ಕಾಗಲಾರದೆಂದ ಮೇಲೆ, ಇರುವವರ ಪಾಲಿಗೆ ಅದು ಕೇವಲ ಭೋಗವಾಗಿಯೂ ಉಳಿಯಬಾರದು. ಅದು ಒಂದು ಹೊಣೆ.

ನೆಲವನ್ನು ಹಂಚುವುದೋ, ಮನೆಯನ್ನು ಹಂಚುವುದೋ?

ಹಾಗಾದರೆ ದಾರಿಯೇನು? ತಂದೆಯ ಹಂಬಲಕ್ಕೂ ಮಗನ ನ್ಯಾಯಕ್ಕೂ ಒಪ್ಪುವ ಒಂದು ದಾರಿ ಇದೆಯೆಂದು ನನಗೆ ತೋರುತ್ತದೆ. ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ, ಎಕರೆಯ ಜಮೆಯನ್ನು ಮುಖ್ಯವಾಗಿ ಕೆಡಿಸಿದುದು ಇಪ್ಪತ್ತು ಕುಟುಂಬಗಳಲ್ಲ. ಇಪ್ಪತ್ತು ಕುಟುಂಬಗಳು ಇಡೀ ನೆಲದ ಮೇಲೆ ಹರಡಿಕೊಂಡುದು. ಅವೇ ಇಪ್ಪತ್ತು ಮನೆಗಳನ್ನು ಅಂತಸ್ತಿಗೆ ಐದರಂತೆ ನಾಲ್ಕು ಅಂತಸ್ತುಗಳಲ್ಲಿ ಕಟ್ಟಿದರೆ, ಮನೆಯೊಂದಕ್ಕೆ ಸಾವಿರ ಚದರ ಅಡಿ ಕೊಟ್ಟರೂ, ಮೆಟ್ಟಿಲು ಮತ್ತು ಓಡಾಟದ ಜಾಗಗಳೊಂದಿಗೆ ಹತ್ತು ಗುಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ಉಳಿದ ಮೂವತ್ತು ಗುಂಟೆಯಲ್ಲಿ ಹುಣಸೆ, ಹಲಸು, ಬಾವಿ ಎಲ್ಲವೂ ಇದ್ದಲ್ಲಿಯೇ ಇರಬಹುದು. ಜನಸಂಖ್ಯೆ ಒಂದೇ, ತೆರೆದ ಮಣ್ಣು ಮುಕ್ಕಾಲು ಎಕರೆ.

ಇದರಿಂದ ನೀರಿನ ಕೊರತೆ ಪೂರ್ತಿ ನೀಗುವುದಿಲ್ಲ. 49 ಲಕ್ಷದ ಅಗತ್ಯ ಹಾಗೆಯೇ ಇರುತ್ತದೆ. ಹೊರಗಿನ ನೀರು ಬೇಕೇ ಬೇಕು. ಆದರೆ ಮುಕ್ಕಾಲುಪಾಲು ಮಳೆ ಮಣ್ಣಿಗಿಳಿಯುತ್ತದೆ, ಮುಕ್ಕಾಲುಪಾಲು ತಂಪು ಬೀದಿಗೆ ಉಳಿಯುತ್ತದೆ, ಮಾಳಿಗೆಯ ನೀರನ್ನು ಪ್ರತ್ಯೇಕವಾಗಿ ಹಿಡಿಯಬಹುದು. ಇಲ್ಲಿ ಒಂದು ಮೋಸದ ಬಗೆಗೆ ಎಚ್ಚರವಿರಬೇಕು. ಈಗಿನ ಕೆಲವು ಕಟ್ಟಡಗಳಲ್ಲಿ ನೆಲವನ್ನೆಲ್ಲ ಅಗೆದು ಕೆಳಗೆ ಕಾರುಗಳನ್ನು ನಿಲ್ಲಿಸಿ, ಮೇಲಿನ ಸಿಮೆಂಟಿನ ಚಪ್ಪಡಿಯ ಮೇಲೆ ಒಂದೆರಡು ಅಡಿ ಮಣ್ಣು ಹರಡಿ ಉದ್ಯಾನವೆಂದು ಕರೆಯುತ್ತಾರೆ. ಅದು ದೊಡ್ಡ ಹೂಕುಂಡವೇ ಹೊರತು ನೆಲವಲ್ಲ. ಅಲ್ಲಿ ಬಿದ್ದ ಮಳೆಗೆ ಭೂಮಿಯ ಸಂಪರ್ಕವೇ ಇಲ್ಲ.

ಚಿಕ್ಕ ಸೈಟಿನ ಮನೆಯವರಿಗೂ ಈ ಲೆಕ್ಕದಲ್ಲಿ ಪಾಲಿದೆ. ಸಾವಿರ ಚದರ ಅಡಿಯ ಮಾಳಿಗೆಯಿಂದ ವರ್ಷಕ್ಕೆ ಸುಮಾರು 75,000 ಲೀಟರ್ ಮಳೆನೀರು ದೊರೆಯುತ್ತದೆ. ಕುಟುಂಬದ ಅಗತ್ಯದ ಮೂರರಲ್ಲೊಂದು ಪಾಲಿಗೆ ಸ್ವಲ್ಪವೇ ಕಡಮೆ. ಬೆಂಗಳೂರಿನಲ್ಲಿ 2009ರಲ್ಲಿಯೇ ಮಳೆನೀರು ಸಂಗ್ರಹವನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಲಾಯಿತು. ಕಾನೂನು ಕೊಳವೆಯನ್ನು ಹಾಕಿಸಬಲ್ಲದು. ಕಸ ಕಟ್ಟಿದ ಸೋಸುಗವನ್ನು ತೊಳೆಯುವ ಕೈ ಮನೆಯವರದೇ ಆಗಬೇಕು.

ನನ್ನ ಅಭಿಪ್ರಾಯವನ್ನು ಇಷ್ಟರಲ್ಲಿ ಹೇಳಬಹುದು. ನೆಲದ ಬೆಲೆಯನ್ನು ಕಟ್ಟುವಾಗ ಅದರ ಮೇಲೆ ಎಷ್ಟು ಚದರ ಅಡಿ ಕಟ್ಟಬಹುದು ಎಂಬುದನ್ನು ಮಾತ್ರ ಎಣಿಸುವ ಪದ್ಧತಿ ಅರ್ಧ ಲೆಕ್ಕದ ಪದ್ಧತಿ. ತೆರೆದ ಮಣ್ಣನ್ನೂ ಬೆಳೆದ ಮರಗಳನ್ನೂ ಉಳಿಸಿಕೊಂಡು, ಕೊಳವೆಬಾವಿಯನ್ನು ಮಿತವಾಗಿ ಬಳಸುವ ಒಡೆಯನಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ದೊರೆಯಬೇಕು. ಅಷ್ಟೇ ನೆಲವನ್ನು ಹುಲ್ಲುಹಾಸಿಗೂ ಕಲ್ಲುಹಾಸಿಗೂ ಬಳಸುವವನು ಹೆಚ್ಚು ತೆರಬೇಕು. ನೆಲವನ್ನು ವಿಭಾಗಿಸಲೇಬೇಕಾದಾಗ ನೂರು ಚೂರುಗಳಾಗಿ ಹಂಚದೆ ಒಂದು ದೊಡ್ಡ ಪಾಲನ್ನು ಅಖಂಡವಾಗಿ ಉಳಿಸಬೇಕು. ಬೆಳೆಯಲು ಐವತ್ತು ವರ್ಷ ಹಿಡಿದ ಹುಣಸೆಯನ್ನು ಒಂದು ಬೆಳಗಿನಲ್ಲಿ ಉರುಳಿಸಬಹುದು. ಹಣ ಎಷ್ಟೇ ಇದ್ದರೂ ಐವತ್ತು ವರ್ಷಗಳನ್ನು ಕೊಳ್ಳಲು ಬರುವುದಿಲ್ಲ.

ವಿದ್ಯಾರ್ಥಿಮಿತ್ರರು ನನ್ನ ಮಾತನ್ನು ನಂಬಬೇಕಾಗಿಲ್ಲ; ಪರೀಕ್ಷಿಸಿ ನೋಡಲಿ. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು, ಎರಡಕ್ಕೂ ನೇರವಾದ ಬಿಸಿಲು ತಾಗದಂತೆ, ಒಂದನ್ನು ಮರಗಳ ನಡುವೆ, ಇನ್ನೊಂದನ್ನು ಕಾಂಕ್ರೀಟಿನ ಅಂಗಳದ ನೆರಳಿನಲ್ಲಿ, ಒಂದೇ ಎತ್ತರದಲ್ಲಿ ತೂಗುಹಾಕಲಿ. ಮಧ್ಯಾಹ್ನ ಎರಡು ಗಂಟೆಗೂ ರಾತ್ರಿ ಒಂಬತ್ತು ಗಂಟೆಗೂ ಒಂದು ತಿಂಗಳ ಕಾಲ ಬರೆದಿಡಲಿ. ಮಳೆ ಬಂದ ದಿನ ಒಂದು ಲೀಟರ್ ನೀರನ್ನು ತೆರೆದ ಮಣ್ಣಿನ ಮೇಲೂ, ಕಾರು ಓಡಾಡಿ ಗಟ್ಟಿಯಾದ ಮಣ್ಣಿನ ಮೇಲೂ ಸುರಿದು, ಇಂಗಲು ಹಿಡಿಯುವ ಸಮಯವನ್ನು ಗಡಿಯಾರದಲ್ಲಿ ನೋಡಲಿ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ, ಕೆಲವರು ಕಂದಾಯದ ಅಧಿಕಾರಿಗಳಾಗುವಿರಿ, ಇನ್ನು ಕೆಲವರಿಗೆ ಇಂತಹ ಒಂದು ಎಕರೆ ಪಿತ್ರಾರ್ಜಿತವಾಗಿ ಬರುವುದು. ಆ ದಿನ ಈ ಟಿಪ್ಪಣಿಗಳು ನಿಮ್ಮ ಕೈಯಲ್ಲಿರಲಿ.

ನಾನು ಹೊರಡುವಾಗ ಹಿರಿಯರು ಸಹಿಯ ವಿಷಯವನ್ನೆತ್ತಲಿಲ್ಲ. ಮಗನು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಟೇಪನ್ನು ಹಿಡಿದು ಅಂಗಳಕ್ಕೆ ಇಳಿದನು. ಮರಗಳನ್ನು ಮುಟ್ಟದೆ ಹತ್ತು ಗುಂಟೆ ಎಲ್ಲಿ ಸಿಕ್ಕೀತೆಂದು ಅವನು ಅಳೆಯುತ್ತಿದ್ದನು. ಟೇಪಿನ ಇನ್ನೊಂದು ತುದಿಯನ್ನು ಅವರ ತಂದೆ ಹಿಡಿದುಕೊಂಡಿದ್ದರು.